ಪರದೆಯ ಎರಡು ಬದಿಗೆ ಒಂದೇ ಬಾಸ್

“ಗಂಡಸರ ಕಡೆ ಎಷ್ಟು ಡಬ್ಬ ಇಡ್ತೀಯೋ, ನಮ್ಮ ಕಡೆನೂ ಅಷ್ಟೇ ಡಬ್ಬ ಇಡ್ಬೇಕು. ಒಂದೂ ಕಮ್ಮಿ ಆಗ್ಬಾರ್ದು, ಈಗ್ಲೇ ಹೇಳಿದೀನಿ,” ಎಂದರು ಮದುಮಗಳ ತಾಯಿ. ಬೆಳಿಗ್ಗೆ ಒಂಬತ್ತು ಗಂಟೆ. ನಾನಿನ್ನೂ ವ್ಯಾನಿನ ಹಿಂದಿನ ಬಾಗಿಲು ಕೂಡ ತೆಗೆದಿರಲಿಲ್ಲ. ಡಬ್ಬ ಅಂದರೆ ಸ್ಪೀಕರ್.

ಕೋವಿಡ್ ಕಾಲದಲ್ಲಿ ಮುಂದಕ್ಕೆ ಹೋಗಿದ್ದ ಮದುವೆಗಳೆಲ್ಲ ಒಟ್ಟಿಗೆ ನುಗ್ಗಿ ಬಂದ ವರ್ಷ ಅದು. ಅಟ್ಲಾಂಟಾದ ಸುತ್ತಮುತ್ತ ಒಂದು ಹಾಲ್ ಸಿಗುವುದೇ ಕಷ್ಟವಾಗಿತ್ತು. ಜಾನ್ಸ್ ಕ್ರೀಕ್‌ನಲ್ಲಿರುವ ಈ ಕುಟುಂಬಕ್ಕೆ ಕೊನೆಗೆ ಲಾರೆನ್ಸ್‌ವಿಲ್‌ನ ಒಂದು ಹಾಲ್ ಸಿಕ್ಕಿತ್ತು. ಮೂಲತಃ ಮೈಸೂರಿನವರು. ಅವತ್ತು ಸಂಜೆ ಮೆಹಂದಿ, ಮರುದಿನ ನಿಕಾಹ್. ಅವರ ಮನೆತನದ ಪದ್ಧತಿಯಂತೆ ಹಾಲಿನ ನಡುವೆ ಉದ್ದಕ್ಕೂ ಪರದೆ ಕಟ್ಟಬೇಕು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು.

ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಸಣ್ಣ ಕಂಪನಿಯೊಂದರಲ್ಲಿ ನನಗೆ ಕೆಲಸ. ಪರದೆಯ ಎರಡೂ ಕಡೆ ಯಾವ ಅಡ್ಡಿಯೂ ಇಲ್ಲದೆ ಓಡಾಡುವವಳು ಬೇಕು ಎಂದು ಅವರು ನನ್ನನ್ನೇ ಕೇಳಿ ಕರೆಸಿದ್ದರು. ಅದಕ್ಕೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಮದುಮಗಳ ತಾಯಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಆಂಟಿಯ ಹಟಕ್ಕೆ ಕಾರಣವಿತ್ತು. ಹಿಂದಿನ ಸಲ ಯಾರದೋ ಮದುವೆಯಲ್ಲಿ ಸ್ಪೀಕರ್, ಸ್ಕ್ರೀನ್, ಫ್ಯಾನ್ ಎಲ್ಲ ಗಂಡಸರ ಕಡೆಗೆ ಹೋಗಿ, ಹೆಂಗಸರ ಕಡೆಗೆ ಬರೀ ಗುಯ್‌ಗುಡುವ ಶಬ್ದವಷ್ಟೇ ಬಂದಿತ್ತಂತೆ. ಆವತ್ತಿನಿಂದ ಅವರ ಮನೆಯಲ್ಲಿ ಎಲ್ಲದಕ್ಕೂ ಸಮಪಾಲು. ಬಿರಿಯಾನಿಯ ಡೇಗ್ಚಿ ಆ ಕಡೆ ಎರಡಾದರೆ ಈ ಕಡೆಯೂ ಎರಡು. ನೀರಿನ ಬಾಟಲಿಯ ಪೆಟ್ಟಿಗೆಗಳನ್ನೂ ಎಣಿಸಿಯೇ ಇಟ್ಟಿದ್ದರು.

“ಅದಕ್ಕೇನ್ರೀ ಆಂಟಿ, ಎಂಟು ಸ್ಪೀಕರ್ ತಂದೀನಿ, ಎರಡು ಬಾಸ್ ತಂದೀನಿ. ಅರ್ಧಕ್ಕರ್ಧ ಹಂಚಿಬಿಡ್ತೀನಿ,” ಎಂದೆ. ನಾನು ಗದಗಿನವಳು. ಎಷ್ಟು ವರ್ಷ ಅಮೆರಿಕದಲ್ಲಿದ್ದರೂ ಬಾಯಿ ಮಾತ್ರ ಗದಗಿನದೇ.

ಆ ಹಂಚಿಕೆಯೇ ಮುಂದೆ ನನ್ನ ಪ್ರಾಣ ತಿನ್ನುತ್ತದೆಂದು ಆಗ ಹೊಳೆಯಲಿಲ್ಲ.

ತಂದಿದ್ದು ಹೊಸ ಸಾಮಾನು. ಒಂದೊಂದು ಸ್ಪೀಕರೂ ಬೂಟಿನ ಡಬ್ಬದಷ್ಟು ದೊಡ್ಡದು. ಒಂದರ ಮೇಲೊಂದು ಇಟ್ಟು ಒತ್ತಿದರೆ ಟಕ್ಕೆಂದು ಕೂತು ಕಂಬವಾಗುತ್ತದೆ. ಚಿಕ್ಕ ಹಾಲಿಗೆ ಎರಡು ಸಾಕು, ದೊಡ್ಡದಕ್ಕೆ ನಾಲ್ಕು, ಆರು, ಎಷ್ಟು ಬೇಕೋ ಅಷ್ಟು ಏರಿಸಬಹುದು. ಮಾತು, ಹಾಡು, ಕೈಬಳೆಯ ಸದ್ದು ಎಲ್ಲವನ್ನೂ ಚೊಕ್ಕವಾಗಿ ಹೇಳುತ್ತದೆ. ಆದರೆ ದಪ್ಪ ನಾದ ಅದರ ಕೈಲಾಗದು. ಅದಕ್ಕೆ ಬಾಸ್ ಪೆಟ್ಟಿಗೆ ಬೇರೆಯೇ ಇದೆ. ಅದನ್ನು ಇಬ್ಬರು ಸೇರಿ ಎತ್ತಬೇಕು. ನೂರು ಹರ್ಟ್ಸ್‌ಗಿಂತ ಮೇಲಿನದೆಲ್ಲ ಕಂಬಕ್ಕೆ, ಕೆಳಗಿನದೆಲ್ಲ ಪೆಟ್ಟಿಗೆಗೆ ಎಂದು ಮಿಕ್ಸರಿನ ಹಿಂದಿರುವ ಪ್ರೊಸೆಸರ್ ಭಾಗ ಮಾಡಿ ಕಳಿಸುತ್ತದೆ.

ಕಷ್ಟ ಇರುವುದು ಆ ಗಡಿಯಲ್ಲಿ. ನೂರರ ಆಸುಪಾಸಿನ ನಾದವನ್ನು ಕಂಬವೂ ನುಡಿಸುತ್ತದೆ, ಪೆಟ್ಟಿಗೆಯೂ ನುಡಿಸುತ್ತದೆ. ಎರಡೂ ಒಂದೇ ಗಳಿಗೆಗೆ ಗಾಳಿಯನ್ನು ಮುಂದಕ್ಕೆ ತಳ್ಳಿದರೆ ನಾದ ತುಂಬಿಕೊಳ್ಳುತ್ತದೆ. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಇದ್ದ ನಾದವೂ ಮಾಯ. ಬೇರೆ ಬೇರೆ ಪೆಟ್ಟಿಗೆಗಳನ್ನು ಒಂದು ಸಿಸ್ಟಮ್ ಮಾಡುವುದೆಂದರೆ ಮುಖ್ಯವಾಗಿ ಈ ತಳ್ಳಾಟವನ್ನು ಸರಿಹೊಂದಿಸುವುದೇ.

ನಾನು ಕೇಬಲ್ ಬಿಡಿಸುತ್ತಿದ್ದಾಗ ಮದುಮಗಳ ಸೋದರಮಾವ ಬಂದರು. ಎಲ್ಲರೂ ಅವರನ್ನು ಮಾಮು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೈಯಲ್ಲಿ ಪರಾತದಷ್ಟು ಅಗಲದ, ಒಂದೇ ಬದಿಗೆ ಚರ್ಮ ಬಿಗಿದ ದಫ್ ಇತ್ತು. ಸಂಜೆಯ ಮುಖ್ಯ ಸಂಗತಿ ಏನೆಂದು ಹೇಳಿದವರು ಅವರೇ.

“ನಮ್ಮನೇಲಿ ಮೆಹಂದಿ ದಿನ ನಮ್ಮಮ್ಮ ಹಾಡ್ತಾರೆ. ಎಲ್ಲ ಹೆಣ್ಮಕ್ಕಳ ಮದುವೇಲೂ ಅವರೇ ಹಾಡಿದ್ದು. ಮೈಸೂರಲ್ಲಿ ಹೇಗಿತ್ತು ಅಂದ್ರೆ, ನಾವು ಗಂಡಸ್ರು ಜಗಲಿ ಮೇಲೆ ದಫ್ ಬಾರಿಸ್ತಿದ್ವಿ, ಅವರು ಒಳಗೆ ನಡುಮನೇಲಿ ಕೂತು ಹಾಡ್ತಿದ್ರು. ನಡುವೆ ಬಾಗ್ಲಲ್ಲಿ ಒಂದು ಬಟ್ಟೆ, ಅಷ್ಟೇ. ಇಲ್ಲೂ ಹಾಗೇ ಆಗ್ಬೇಕು. ನಾನು ಆ ಗೋಡೆ ಹತ್ರ, ಅಮ್ಮ ಈ ಕಡೆ. ತಾಳ ಇಲ್ಲಿಂದ ಅಲ್ಲಿಗೆ ಹೋಗ್ಬೇಕು, ಹಾಡು ಅಲ್ಲಿಂದ ಇಲ್ಲಿಗೆ ಬರ್ಬೇಕು. ಆಗುತ್ತಾ?”

“ಯಾಕಾಗಂಗಿಲ್ರೀ ಮಾಮು? ಅದೇ ನಮ್ಮ ಕೆಲಸ,” ಎಂದೆ. ದೊಡ್ಡ ಬಾಯಿ.

ಗಂಡಸರ ಕಡೆ ಸುಲಭವಾಗಿ ಮುಗಿಯಿತು. ಹೊರಗೋಡೆಯ ಪಕ್ಕ ನಾಲ್ಕು ಸ್ಪೀಕರಿನ ಕಂಬ, ಅದರ ಬುಡಕ್ಕೇ ಬಾಸ್ ಪೆಟ್ಟಿಗೆ. ಅಳತೆಯ ಮೈಕನ್ನು ಕುರ್ಚಿಗಳ ನಡುವೆ ನಿಲ್ಲಿಸಿ ಯಾವ ನಾದ ಎಷ್ಟು ಬರುತ್ತಿದೆ ಎಂದು ತೋರಿಸುವ ಗೆರೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ನೇರವಾಗಿತ್ತು.

ಹೆಂಗಸರ ಕಡೆ ಮಾತ್ರ ಹೂವಿನವಳು ಅಡ್ಡ ಬಂದಳು. ಕಂಬದ ಬುಡದಲ್ಲಿ ಪೆಟ್ಟಿಗೆ ಇಟ್ಟರೆ ಫೋಟೋದಲ್ಲಿ ಕರ್ರಗೆ ಕಾಣುತ್ತದಂತೆ. ಮದುಮಗಳ ಮಂಟಪಕ್ಕೆ ಜಾಗ ಬಿಟ್ಟು ಪೆಟ್ಟಿಗೆಯನ್ನು ಹೊರಗೋಡೆಯ ಇನ್ನೊಂದು ಮೂಲೆಗೆ ಒಯ್ಯಬೇಕಾಯಿತು. ಕಂಬ ಇಲ್ಲಿ, ಬಾಸ್ ಹದಿನೆಂಟು ಅಡಿ ಆಚೆ. ಅಳೆದು ನೋಡಿದರೆ ನೂರು ಹರ್ಟ್ಸ್ ಇರುವ ಕಡೆ ಗೆರೆ ಗುಂಡಿಗೆ ಬಿದ್ದಿತ್ತು. ಡಿಲೇ, ಅಂದರೆ ಸದ್ದನ್ನು ತಡೆದು ಬಿಡುವ ಹೊತ್ತನ್ನು, ಹೆಚ್ಚಿಸಿದೆ, ಇಳಿಸಿದೆ, ಗುಂಡಿ ತುಂಬಲಿಲ್ಲ. ಕೊನೆಗೆ ಆ ಬಾಸ್ ಪೆಟ್ಟಿಗೆಯ ಪೊಲಾರಿಟಿಯನ್ನು ತಿರುಗಿಸಿದೆ. ಅಂದರೆ ಅದು ತಳ್ಳುವ ಕಡೆ ಎಳೆಯುವಂತೆ, ಎಳೆಯುವ ಕಡೆ ತಳ್ಳುವಂತೆ ಮಾಡುವುದು. ಗುಂಡಿ ತಟ್ಟನೆ ತುಂಬಿತು. ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಒಂದು ಕಡೆ ಅಳೆಯುವಾಗ ಇನ್ನೊಂದು ಕಡೆ ಬಂದ್ ಮಾಡಿದ್ದೆ. ಅದು ಸರಿಯಾದ ಕ್ರಮವೇ. ಆಮೇಲೆ ಎರಡನ್ನೂ ಒಟ್ಟಿಗೆ ತೆರೆದು ಹಾಲ್ ತುಂಬ ಒಮ್ಮೆ ಸುತ್ತಬೇಕಿತ್ತು. ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಾಯಿತು, ಎಲ್ಲ ಸದ್ದು ನಿಲ್ಲಿಸಿದೆವು. ನಮಾಜು ಮುಗಿದ ಕೂಡಲೇ ಆಂಟಿ ತಟ್ಟೆ ತುಂಬ ಬಿರಿಯಾನಿ ಕೈಗಿಟ್ಟರು. ಉಂಡು ಏಳುವಷ್ಟರಲ್ಲಿ ಪರದೆ ಕಟ್ಟುವವರು ಏಣಿ ಹಾಕಿದ್ದರು. ಎರಡು ಪದರದ ಮರೂನ್ ವೆಲ್ವೆಟ್ಟು. ಆ ಕಡೆ ಸರಿ ಇದೆ, ಈ ಕಡೆ ಸರಿ ಇದೆ, ಇನ್ನೇನು ಎಂದುಕೊಂಡು ನಾನು ಕೇಬಲ್ಲಿಗೆ ಟೇಪ್ ಹಚ್ಚಲು ಕೂತೆ.

ಮೂರು ಗಂಟೆಗೆ ಮದುಮಗಳ ನಾನಿ, ಅಂದರೆ ಮಾಮು ಹೇಳಿದ್ದ ಹಾಡುವ ಅಮ್ಮ, ಬಂದರು. ಎಂಬತ್ತೆರಡು ವರ್ಷ. ಮೈಸೂರಿನಿಂದ ಬಂದು ಎರಡು ವಾರವಾಗಿತ್ತಷ್ಟೇ. ಸಣ್ಣ ಆಕಾರ, ಸೆರಗು ತಲೆಯ ಮೇಲೆ, ಬಾಯಲ್ಲಿ ಅಡಿಕೆ. ಅವರಿಗೆ ಕುಳಿತುಕೊಳ್ಳಲು ಪರದೆಗೆ ಒತ್ತಿದಂತೆ ಒಂದು ದಿವಾನ್ ಹಾಕಿದ್ದರು, ಎದುರಿಗೆ ಮದುಮಗಳ ಮಂಟಪ. ಕಿವಿ ಸ್ವಲ್ಪ ಮಂದ ಎಂದು ಆಂಟಿ ಮೊದಲೇ ಹೇಳಿದ್ದರು. ಸಣ್ಣ ಸದ್ದು ತಿಳಿಯುವುದಿಲ್ಲ, ದಪ್ಪ ಸದ್ದು ತಿಳಿಯುತ್ತದೆ. ಕಿವಿಯ ಮಷೀನ್ ಹಾಕಿದರೆ ತಲೆಯೊಳಗೆ ಪಾತ್ರೆ ಬಿದ್ದ ಹಾಗಾಗುತ್ತದೆಂದು ಹಾಕಿಕೊಳ್ಳುವುದಿಲ್ಲವಂತೆ.

ಮಾಮು ಆ ಕಡೆಯಿಂದ ದಫ್ ಶುರು ಮಾಡಿದರು. ನಾನಿ ಎರಡು ಸಾಲು ಹಾಡಿದರು. ದನಿಯೇನೋ ಕೀರಲು, ಆದರೆ ಸ್ವರ ಎಲ್ಲಿಡಬೇಕೋ ಅಲ್ಲಿಟ್ಟರು. ಮೂರನೇ ಸಾಲಿಗೆ ತಾಳ ಒಂದು ಕಡೆ, ಹಾಡು ಒಂದು ಕಡೆ. ಅವರು ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿದರು. ಮತ್ತೆ ಅದೇ ಜಾಗದಲ್ಲಿ ತಪ್ಪಿತು.

“ತಾಳ ಎಲ್ಲೋಯ್ತು? ಅವನು ಬಾರಿಸ್ತಿದಾನಾ ಇಲ್ವಾ?” ಎಂದು ಕೇಳಿದರು.

ನಾನು ದಫ್‌ನ ಸೌಂಡ್ ಏರಿಸಿದೆ. ಹೊರಗೋಡೆಯ ಕಡೆ ಕುರ್ಚಿ ಹಾಕುತ್ತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ನಾನಿ ಮಾತ್ರ ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದರು. “ಇಲ್ಲಮ್ಮ. ನನ್ಗೆ ಕೇಳಿಸ್ತಿಲ್ಲ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಂಟಿಯನ್ನು ಪಕ್ಕಕ್ಕೆ ಕರೆದು, “ಸೌಂಡ್ ಕರೆಕ್ಟ್ ಅದರೀ. ಅಜ್ಜಿಗೆ ಕಿವಿ ಕೇಳಂಗಿಲ್ಲ ಅಂದ್ರ ನಾನೇನ್ ಮಾಡ್ಲಿ?” ಎಂದುಬಿಟ್ಟೆ. ಮೆಲ್ಲಗೆ ಹೇಳಿದ್ದೆ ನಿಜ. ಆದರೆ ನನ್ನ ಮುಖ ನೋಡಿಯೇ ನಾನಿಗೆ ಅರ್ಥವಾಯಿತೆಂದು ಕಾಣುತ್ತದೆ.

ಅವರು ಮೈಕನ್ನು ದಿವಾನಿನ ಮೇಲಿಟ್ಟರು. “ಬಿಡಿ. ವಯಸ್ಸಾಯ್ತು. ಬೀಗರ ಮುಂದೆ ಅರ್ಧಕ್ಕೆ ನಿಲ್ಸಿ ನಗೆಪಾಟಲಾಗೋದು ಬೇಡ. ನಾನು ಹಾಡಲ್ಲ.”

ಹಿಂದೆ ಯಾವುದೋ ಮದುವೆಯಲ್ಲಿ ನಾನಿ ಹಾಡಿದ್ದು ತಮ್ಮ ಫೋನಿನಲ್ಲಿದೆ, ಅದನ್ನೇ ಹಾಕಿಬಿಡೋಣ ಎಂದು ಆಂಟಿ ಮೆತ್ತಗೆ ಹೇಳಿದರು. ಸಂಜೆಗೆ ಮೊದಲೇ ಕಾಲಿಗಷ್ಟೇ ಮೆಹಂದಿ ಹಚ್ಚಿಸಿಕೊಳ್ಳುತ್ತ ಕೂತಿದ್ದ ಮದುಮಗಳು ತಲೆ ಎತ್ತಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ತಡೆದು ತಡೆದು ಬರುತ್ತದೆ.

“ನೋ. ರೆಕಾರ್ಡಿಂಗ್ ಬೇಡ. ನಾನಿ, ಪ್ಲೀಸ್. ನಂಗೆ ನೀವು ಹಾಡೋದು ಬೇಕು. ಐ ವೇಟೆಡ್ ಫಾರ್ ದಿಸ್.”

ನಾನಿ ಅವಳ ಕೆನ್ನೆ ಮುಟ್ಟಿದರು. ಇಳಿಹೊತ್ತಿನ ನಮಾಜಿಗೆ ಕೈಕಾಲು ಮುಖ ತೊಳೆದು ವಜೂ ಮಾಡಬೇಕೆಂದು ಎದ್ದು ಹೋದರು. ಆ ಹುಡುಗಿಗೆ ನಾನೇನು ಉತ್ತರ ಕೊಡಲಿ?

ಏನೂ ತೋಚದೆ ನಾನಿ ಬಿಟ್ಟುಹೋದ ದಿವಾನಿನ ಮೇಲೆ ಹೋಗಿ ಕೂತೆ. ಅಷ್ಟು ಹೊತ್ತಿನವರೆಗೂ ಆ ಜಾಗದಲ್ಲಿ ಕೂತು ಕೇಳಬೇಕೆಂದು ನನಗೆ ಅನಿಸಿಯೇ ಇರಲಿಲ್ಲ ನೋಡಿ. ಅಳತೆಯ ಮೈಕ್ ಇಟ್ಟಿದ್ದು ಕುರ್ಚಿಗಳ ನಡುವೆ. “ಮಾಮು, ಒಂದೇ ಸಮನೆ ಬಾರಿಸ್ತಾ ಇರ್ರಿ,” ಎಂದು ಕೂಗಿದೆ.

ಪರದೆಯ ಆಚೆಯಿಂದ ಬೆರಳು ಬಡಿಯುವ ಟಕಟಕ ಸದ್ದು ಬಂತು. ಅಂಗೈ ಬೀಳುವಾಗಿನ ಗುಂ ಬರಲಿಲ್ಲ. ಕಿವಿ ಚುರುಕಾಗಿರುವ ನನಗೇ ಬರಲಿಲ್ಲ.

ಎದ್ದು ನಾಲ್ಕು ಹೆಜ್ಜೆ ಬಲಕ್ಕೆ ಹೋದೆ. ಗುಂ ಎಂದಿತು. ವಾಪಸ್ ಬಂದೆ, ಇಲ್ಲ. ಪರದೆಯ ಗುಂಟ ಹಿಂದಿನ ಗೋಡೆಯವರೆಗೂ ನಡೆದೆ, ಎಲ್ಲೂ ಇಲ್ಲ. ಪರದೆ ದಾಟಿ ಗಂಡಸರ ಕಡೆಯಿಂದ ಅದೇ ದಾರಿಯಲ್ಲಿ ಬಂದೆ, ಅಲ್ಲೂ ಇಲ್ಲ. ಹಾಲಿನ ನಟ್ಟನಡುವೆ, ಪರದೆಯುದ್ದಕ್ಕೂ, ತಾಳವನ್ನು ಯಾರೋ ಕತ್ತರಿಸಿ ತೆಗೆದಿದ್ದರು.

ಟ್ಯಾಬ್ಲೆಟ್ ತೆಗೆದು ಹೆಂಗಸರ ಕಡೆಯ ಬಾಸ್ ಪೆಟ್ಟಿಗೆಯನ್ನು ಬಂದ್ ಮಾಡಿದೆ. ದಿವಾನಿನ ಹತ್ತಿರ ಗುಂ, ಗುಂ, ಗುಂ. ಮತ್ತೆ ತೆರೆದೆ. ಮಾಯ. ಎರಡು ಪೆಟ್ಟಿಗೆ ಇದ್ದಾಗ ಇಲ್ಲದ್ದು ಒಂದೇ ಇದ್ದಾಗ ಬರುತ್ತಿತ್ತು.

ಆಗ ಗೊತ್ತಾಯಿತು ನನ್ನ ಪೆದ್ದುತನ. ಗಂಡಸರ ಕಡೆಯ ಪೆಟ್ಟಿಗೆ ತಳ್ಳುತ್ತಿತ್ತು. ಹೆಂಗಸರ ಕಡೆಯದನ್ನು ನಾನೇ ತಿರುಗಿಸಿದ್ದೆ, ಅದು ಅದೇ ಗಳಿಗೆಗೆ ಎಳೆಯುತ್ತಿತ್ತು. ಎರಡೂ ಪರದೆಯಿಂದ ಸಮದೂರದಲ್ಲಿ, ಎದುರುಬದುರಾಗಿ ಇದ್ದವು, ಹಾಗಾಗಿ ನಡುವೆ ಬಂದಾಗ ಒಂದನ್ನೊಂದು ಪೂರ್ತಿ ನುಂಗುತ್ತಿದ್ದವು. ಸಣ್ಣ ಸದ್ದನ್ನು ವೆಲ್ವೆಟ್ ತಡೆಯುತ್ತದೆ. ದಪ್ಪ ಸದ್ದಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಅದು ಹಾಲನ್ನೆಲ್ಲ ಒಂದೇ ಕೋಣೆ ಎಂದುಕೊಂಡು ಹರಡುತ್ತದೆ. ನಾನು ಮಾತ್ರ ಆಂಟಿಯ ಲೆಕ್ಕ ಹಿಡಿದು, ಪರದೆ ನಡುವೆ ಬಂದರೆ ಎರಡು ಕೋಣೆ ಎಂದು ನಂಬಿ, ಒಂದೇ ಹಾಲಿನಲ್ಲಿ ಎರಡು ಸಂಸಾರ ಹೂಡಿದ್ದೆ.

“ಹುಚ್ಚಿ, ಹುಚ್ಚಿ! ಅಜ್ಜಿ ಕಿವಿಗೆ ಬೈದ್ಯಲ್ಲ!” ಎಂದು ಹಣೆ ಬಡಿದುಕೊಂಡೆ. ಆಚೆಯಿಂದ ಮಾಮು, “ಏನಾಯ್ತಮ್ಮ?” ಎಂದರು. “ಏನಿಲ್ರೀ, ನನಗ ನಾನ ಬೈಕೊಳ್ಳಾಕತ್ತೀನಿ,” ಎಂದೆ.

ನಾಲ್ಕೂಕಾಲು. ಆರಕ್ಕೆ ಜನ ಬರುತ್ತಾರೆ. ನಮ್ಮವರಲ್ಲವೇ, ಆರು ಅಂದರೆ ಏಳು ಎಂದು ಸಮಾಧಾನ ಹೇಳಿಕೊಂಡೆ.

ಮೊದಲು ಸುಲಭದ ದಾರಿ ನೋಡಿದೆ. ತಿರುಗಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಿದೆ. ದಿವಾನಿಗೆ ತಾಳ ಬಂತು, ಆದರೆ ಹೆಂಗಸರ ಕುರ್ಚಿಗಳಲ್ಲಿ ಬೆಳಗಿನ ಗುಂಡಿ ವಾಪಸ್ ಬಂತು, ದಫ್ ಅಲ್ಲಿ ಸಣಕಲಾಗಿ ಟೊಣಕ್ ಟೊಣಕ್ ಎನ್ನುತ್ತಿತ್ತು. ಡಿಲೇ ಮುಟ್ಟಿದರೆ ಇಲ್ಲಿ ಸರಿಯಾಗಿ ಅಲ್ಲಿ ಕೆಟ್ಟಿತು. ಒಂದು ಪೆಟ್ಟಿಗೆಯನ್ನೇ ಬಂದ್ ಮಾಡೋಣವೆಂದರೆ ಆ ಕಡೆಯ ಕೊನೆಯ ಸಾಲಿಗೆ ಏನೂ ಮುಟ್ಟುವುದಿಲ್ಲ, ಅಲ್ಲದೆ ಆಂಟಿ ನನ್ನನ್ನು ಜೀವಸಹಿತ ಬಿಡುವುದಿಲ್ಲ. ದಿವಾನನ್ನೇ ನಾಲ್ಕು ಹೆಜ್ಜೆ ಸರಿಸಿದರೆ ನಾನಿಗೇನೋ ಕೇಳುತ್ತದೆ. ಆದರೆ ಪರದೆಯ ಪಕ್ಕದ ಸಾಲಿನಲ್ಲಿ ಕೂರುವ ಉಳಿದ ಅಜ್ಜಿಯರು? ನನ್ನ ತಪ್ಪನ್ನು ಎಂಬತ್ತೆರಡರ ಮುದುಕಿಯನ್ನು ಎಬ್ಬಿಸಿ ಮುಚ್ಚಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಹಾಗಾಗಿ ಬೆಳಗಿನ ಕೆಲಸವನ್ನೆಲ್ಲ ಅಳಿಸಿಬಿಡುವುದೆಂದು ತೀರ್ಮಾನಿಸಿದೆ. ಕಂಬಗಳು ಎರಡು ಕಡೆ ಇರಲಿ, ಅವುಗಳ ಸದ್ದನ್ನು ಪರದೆ ಹೇಗೂ ತಡೆಯುತ್ತದೆ, ಎರಡು ಬೇಕೇ ಬೇಕು. ಬಾಸ್ ಮಾತ್ರ ಎರಡು ಇರಬಾರದು. ಎರಡೂ ಪೆಟ್ಟಿಗೆಯನ್ನು ಒಟ್ಟಿಗೆ ತಂದು ನಡುವೆ ಕೂರಿಸಿ, ಅದನ್ನು ಇಡೀ ಹಾಲಿಗೆ ಒಂದೇ ಬಾಸ್ ಮಾಡಬೇಕು.

ಹೇಳುವುದು ಸುಲಭ. ಆಂಟಿ ಸೊಂಟದ ಮೇಲೆ ಕೈಯಿಟ್ಟರು. “ನಡುವೆ ಅಂದ್ರೆ ಯಾರ ಕಡೆ? ಎರಡೂ ಅವರ ಕಡೆ ಹೋಗುತ್ತಾ?”

“ಅಥವಾ ಎರಡೂ ನಿಮ್ಮ ಕಡೆ ಇಡ್ತೀನ್ರೀ.”

“ಹಾಗಾದ್ರೆ ಇಲ್ಲಿ ಯಾಕಿಲ್ಲ ಅಂತ ನಮ್ಮ ಕಡೆ ಬರೋರು ಕೇಳಲ್ವಾ?” ಎಂದರು ಮಾಮು ಆಚೆಯಿಂದ. “ನಡುವೆ ಇಡೋದಾದ್ರೆ ಪರದೆ ಬಿಚ್ಚೋ ಹಾಗಿಲ್ಲ ಮತ್ತೆ. ಒಂದು ಗೇಣೂ ಸಂದಿ ಬೇಡ. ಹಿರಿಯರು ಬರ್ತಾರೆ.”

ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಪರದೆಯ ಅಂಚನ್ನು ಬೆರಳಲ್ಲಿ ಎತ್ತಿ ನೋಡಿದೆ. ಆಚೆ ಮಾಮುವಿನ ಚಪ್ಪಲಿ ಕಂಡಿತು. ಬಟ್ಟೆಯನ್ನು ಬಿಟ್ಟೆ. ಬಿಚ್ಚುವುದೇಕೆ? ಬಾಸ್‌ಗೆ ಬಟ್ಟೆ ಲೆಕ್ಕಕ್ಕೇ ಇಲ್ಲ ಎಂದು ಈಗಷ್ಟೇ ನಾನೇ ಬಾಯಿ ಬಡಿದುಕೊಂಡಿದ್ದೆ.

“ಮಾಮು, ನಿಮ್ಮ ಪೆಟ್ಟಿಗೇನ ಪರದೆಗೆ ಬೆನ್ನು ಹಚ್ಚಿ ನಿಮ್ಮ ಕಡೇನ ಇಡ್ರಿ. ಆಂಟಿ, ನಿಮ್ಮದನ್ನ ಈ ಕಡೆಯಿಂದ ಅದರ ಬೆನ್ನಿಗೆ ಬೆನ್ನು ಹಚ್ಚೋಣು. ನಡುವ ಬರೇ ಬಟ್ಟಿ. ಪರದೆ ಪರದೆನೇ ಇರ್ತದ, ಲೆಕ್ಕಾನೂ ಲೆಕ್ಕಾನೇ ಇರ್ತದ. ಬಾಸ್‌ಗೆ ಮಾತ್ರ ಒಂದೇ ಪೆಟ್ಟಿಗಿ ಆದಂಗ.”

ಆಂಟಿ ಬೆರಳು ತೋರಿಸಿ ಗಟ್ಟಿಯಾಗಿಯೇ ಎಣಿಸಿದರು. ಈ ಕಡೆ ಒಂದು. ಬಗ್ಗಿ ಆ ಕಡೆ ನೋಡಿ, ಒಂದು. “ಸರಿ. ಇದು ನನ್ಗೆ ಓಕೆ.”

ಆಮೇಲೆ ಓಟವೋ ಓಟ. ಗಂಡಸರ ಕಡೆಯವರು ಅವರ ಪೆಟ್ಟಿಗೆ ಎಳೆದು ತಂದರು. ಹೆಂಗಸರ ಕಡೆಯದನ್ನು ನಾನೂ ಆಂಟಿಯೂ ಎತ್ತಿದೆವು, ಆಂಟಿ ರೇಷ್ಮೆ ಸೀರೆಯಲ್ಲೇ. ದಿವಾನಿನಿಂದ ಆರು ಅಡಿ ದೂರದಲ್ಲಿ ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದೆವು. ಕಂಬಗಳೆರಡೂ ಬಾಸ್‌ನಿಂದ ಸಮದೂರದಲ್ಲಿರಬೇಕಿತ್ತು, ಇಲ್ಲದಿದ್ದರೆ ಬೆಳಗಿನ ಕಥೆಯೇ ಮತ್ತೆ. ಟೇಪ್ ಹಿಡಿದು ಅಳೆದರೆ ಹೆಂಗಸರ ಕಡೆಯ ಕಂಬ ನಾಲ್ಕು ಅಡಿ ಆಚೆಗಿತ್ತು. ಹೂವಿನವಳಿಗೆ ಕೈ ಮುಗಿದೆ. ಅವಳು ಗೊಣಗುತ್ತಲೇ ಎರಡು ಗುಲಾಬಿಯ ಕುಂಡಗಳನ್ನು ಸರಿಸಿದಳು.

ಪ್ರೊಸೆಸರಿನಲ್ಲಿ ಎರಡು ಸಿಸ್ಟಮ್ ಇದ್ದದ್ದನ್ನು ಅಳಿಸಿ ಒಂದನ್ನೇ ಬರೆದೆ. ಎಂಟು ಸ್ಪೀಕರ್, ಒಂದು ಬಾಸ್. ಪೊಲಾರಿಟಿ ಎರಡು ಪೆಟ್ಟಿಗೆಗೂ ಒಂದೇ. ಪೆಟ್ಟಿಗೆ ಈಗ ಕೇಳುವವರಿಗೆ ಹತ್ತಿರವಾದ್ದರಿಂದ ಅದರ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡೆದು, ಕಂಬದ ಸದ್ದಿನ ಜೊತೆಗೇ ಬರುವಂತೆ ಮಾಡಿದೆ. ದೂರ ಒಂದೇ ಇದ್ದುದರಿಂದ ಎರಡು ಕಡೆಗೂ ಒಂದೇ ಅಂಕಿ ಸಾಕಾಯಿತು. ಇನ್ನೊಂದು ಭಯವಿತ್ತು. ನಾನಿಯ ಮೈಕ್ ಬಾಸ್‌ಗೆ ಇಷ್ಟು ಹತ್ತಿರವಿದ್ದರೆ ಗೂಂಯ್ ಎಂದು ಊಳಿಡಬಹುದು. ಅದಕ್ಕೆ ಬಾಸ್ ಪೆಟ್ಟಿಗೆಗೆ ದಫ್ ಒಂದನ್ನೇ ಕಳಿಸಿದೆ, ನಾನಿಯ ದನಿ ಕಂಬಗಳಿಗೆ ಮಾತ್ರ.

ಈ ಸಲ ಎಲ್ಲವನ್ನೂ ಒಟ್ಟಿಗೆ ತೆರೆದೆ. ಜಮಖಾನ ಹಾಸಿದ್ದರಿಂದ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆದೆ. ಮಾಮು ಗಡಿಯಾರದ ಹಾಗೆ ಬಾರಿಸುತ್ತಿದ್ದರು. ಹೆಂಗಸರ ಒಂದೊಂದು ಸಾಲು, ಪರದೆಯ ಪಕ್ಕ, ಆಚೆ ದಾಟಿ ಗಂಡಸರ ಒಂದೊಂದು ಸಾಲು. ಎಲ್ಲಿ ನಿಂತರೂ ಅದೇ ತಾಳ, ಅದೇ ತೂಕ. ಹಿಂದಿನ ಬಲಮೂಲೆಯಲ್ಲಿ ಮಾತ್ರ ಸ್ವಲ್ಪ ಜಾಸ್ತಿಯೇ ಗುಂ ಎನ್ನುತ್ತಿತ್ತು. ಅಲ್ಲಿ ತಟ್ಟೆ ಲೋಟದ ಟೇಬಲ್ ಇತ್ತು, ಲೋಟಗಳು ಬೇಕಾದರೆ ಕುಣಿಯಲಿ ಎಂದು ಬಿಟ್ಟೆ.

ಐದೂವರೆಗೆ ನಾನಿಯನ್ನು ಕೈಹಿಡಿದು ಕರೆತಂದೆ. ಕೂರಿಸುವ ಮೊದಲು ಹೇಳಲೇಬೇಕಿತ್ತು, ಹೇಳಿದೆ. “ನಾನಿ, ತಪ್ಪು ನಂದು. ನಿಮ್ಮ ಕಿವೀದಲ್ಲ. ನೀವು ಕೂತಿದ್ದ ಜಾಗದಾಗ ನನಗೂ ಕೇಳಿಸಲಿಲ್ರೀ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿಂಗೂ ಕೇಳಿಸ್ಲಿಲ್ವಾ?”

“ಅಲ್ಲಾಣೆ ಇಲ್ರೀ,” ಎಂದೆ. ಗದಗಿನವಳ ಬಾಯಲ್ಲಿ ಆ ಆಣೆ ಕೇಳಿ ಆಂಟಿ ನಕ್ಕುಬಿಟ್ಟರು.

“ನನ್ನ ಕಿವಿ ಹೋಗಿದೆ ಅಂತ ಈ ನನ್ನ ಮಗಳೂ ಹೇಳ್ತಾಳೆ, ಡಾಕ್ಟರೂ ಹೇಳ್ತಾನೆ,” ಎಂದರು ನಾನಿ. “ನನ್ನ ಜಾಗದಲ್ಲಿ ಬಂದು ಕೂತು ನೋಡಿದ್ದು ನೀನೊಬ್ಳೇ.” ಬಂದು ಕೂತದ್ದು ಬೈದು ಆದ ಮೇಲೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಮಗನಿಗೆ ನಾಲ್ಕು ಏಟು ಬಾರಿಸಲು ಹೇಳಿದರು. ಕಣ್ಣು ಮುಚ್ಚಿ ಕೇಳಿದರು. “ಸಾಕು,” ಎಂದು ಎದ್ದು ಸೀರೆ ಬದಲಿಸಲು ಹೋದರು. ಹಾಡುತ್ತಾರೋ ಇಲ್ಲವೋ ಗೊತ್ತಿಲ್ಲದಿದ್ದರೂ ಅವರ ಮೈಕನ್ನು ಒರೆಸಿ ದಿವಾನಿನ ಮೇಲಿಟ್ಟೆ.

ಏಳು ಗಂಟೆಗೆ ಹಾಲ್ ತುಂಬಿತು. ಬೀಗರು ಬಂದರು, ಶರಬತ್ತು ಆಯಿತು, ಮೆಹಂದಿ ಆಯಿತು. ನಾನು ಪರದೆಯ ಹಿಂತುದಿಯಲ್ಲಿ ಮಿಕ್ಸರ್ ಇಟ್ಟುಕೊಂಡು, ಎರಡು ಕಡೆಗೂ ಒಂದೊಂದು ಕಣ್ಣು ಬಿಟ್ಟು ಕೂತಿದ್ದೆ. ನಾನಿ ತಿಳಿ ಹಸಿರು ಸೀರೆಯುಟ್ಟು ಬಂದು ದಿವಾನಿನ ಮೇಲೆ ಕೂತರು. ಮೈಕನ್ನು ತಾವೇ ಎತ್ತಿಕೊಂಡರು. ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಾನು ಮಾಮುವಿಗೆ ಕೈಯೆತ್ತಿದೆ.

ದಫ್ ಶುರುವಾಯಿತು. ನಾನಿ ಹಾಡಿದರು. ಮೂರನೇ ಸಾಲು ಬಂತು, ಅವರು ದಾಟಿ ಹೋದರು. ನಾಲ್ಕು, ಐದು. ಮದುಮಗಳು ಮೆಹಂದಿಯ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಅಳುತ್ತಿದ್ದಳು, ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ. ಆಂಟಿ ತಮ್ಮ ಸೆರಗಿನಿಂದ ಒರೆಸಿದರು. ಗಂಡಸರ ಕಡೆ ಹಿರಿಯರು ತೊಡೆ ತಟ್ಟುತ್ತಿದ್ದರು. ನನಗೆ ಇಷ್ಟು ಖುಷಿಯಾದದ್ದು ಆ ವರ್ಷದಲ್ಲೇ ಇಲ್ಲ.

ಎರಡನೇ ನುಡಿ ಮುಗಿಯಿತು. ಮೂರನೆಯದಕ್ಕೆ ನಾನಿ ಬಾಯಿ ತೆರೆಯಲಿಲ್ಲ.

ದಫ್ ನಡೆದೇ ಇತ್ತು. ನಾನಿ ಮೈಕ್ ಕೆಳಗಿಳಿಸಿ ಸುಮ್ಮನೆ ಕೂತಿದ್ದರು. ಬೀಗರ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಂಟಿಯ ಮುಖ ಬಿಳಿಚಿತು. ಬಾಸ್ ಹೋಯಿತೇ, ಕೇಬಲ್ ಕಿತ್ತಿತೇ ಎಂದು ಟ್ಯಾಬ್ಲೆಟ್ ನೋಡಿದೆ, ಎರಡು ಪೆಟ್ಟಿಗೆಯ ಮೀಟರೂ ಕುಣಿಯುತ್ತಿತ್ತು. ಕಾಲ ಕೆಳಗಿನ ನೆಲದಲ್ಲೂ ತಾಳ ಬರುತ್ತಿತ್ತು. ಮಾಮು ಆಚೆಯಿಂದ ಏನೂ ಕಾಣದೆ, ನಿಲ್ಲಿಸಲೂ ಆಗದೆ, ಒಂದು ಸುತ್ತು ಪೂರ್ತಿ ಒಬ್ಬರೇ ಬಾರಿಸಿದರು. ಸುತ್ತು ಮುಗಿದು ಮೊದಲ ಏಟು ಬಿದ್ದ ಗಳಿಗೆಗೆ, ಕೂದಲೆಳೆಯಷ್ಟೂ ಆಚೀಚೆ ಆಗದೆ, ನಾನಿ ಮೂರನೇ ನುಡಿ ಹಿಡಿದರು. ಮುಗಿಸಿಯೇ ಮೈಕ್ ಕೆಳಗಿಟ್ಟರು.

ಚಪ್ಪಾಳೆ ಅಡಗಿದ ಮೇಲೆ ಮೈಕ್ ತೆಗೆದುಕೊಳ್ಳುವ ನೆಪದಲ್ಲಿ ಅವರ ಹತ್ತಿರ ಹೋದೆ. “ನಡುವ ಯಾಕ ನಿಂತ್ರಿ ನಾನಿ? ನನ್ನ ಜೀವಾನ ಹೋಗಿತ್ತು. ತಾಳ ಮತ್ತ ತಪ್ಪಿತೇನ್ರೀ?”

“ಇಲ್ಲಮ್ಮ, ಚೆನ್ನಾಗಿ ಕೇಳಿಸ್ತಿತ್ತು,” ಎಂದರು ನಾನಿ. “ಇವನು ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ನಾನೇ ಹಾಡ್ತಾ ಇದ್ರೆ ನನ್ನ ಮಗ ಬಾರಿಸೋದು ಕೇಳೋದು ಯಾವಾಗ? ಅದಕ್ಕೇ ಒಂದು ಸುತ್ತು ಸುಮ್ನಿದ್ದು ಕೇಳಿದೆ.”